ಮಹಡಿ ಮನೆಯ ಲೆಕ್ಕ

2016ರ ಏಪ್ರಿಲ್ ತಿಂಗಳ ಒಂದು ಭಾನುವಾರ. ಬೆಂಗಳೂರಿನ ಅಂಚಿನಲ್ಲಿರುವ ನಮ್ಮ ಬಡಾವಣೆಯ ಗಣೇಶನ ಗುಡಿಯ ಪಕ್ಕದ ಭವನದಲ್ಲಿ ನಿವಾಸಿಗಳ ಸಭೆ ಸೇರಿತ್ತು. ಫ್ಯಾನು ತಿರುಗುತ್ತಿದ್ದರೂ ಎಲ್ಲರ ಮುಖದಲ್ಲೂ ಬೆವರು. ಆ ವರ್ಷದಿಂದ ಮನೆ ಕಂದಾಯ ಶೇಕಡಾ 20ರಷ್ಟು, ಅಂಗಡಿ ಮುಂಗಟ್ಟುಗಳ ಕಂದಾಯ ಶೇಕಡಾ 25ರಷ್ಟು ಏರಿತ್ತು. ಸಭೆಗೆ ಕಾರ್ಪೊರೇಟರ್ ಬಂದಿದ್ದರು. ಕಂದಾಯ ವಿಭಾಗದ ಒಬ್ಬ ಅಧಿಕಾರಿಯೂ ಕಡತ ಹಿಡಿದು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು.

ಮೊದಲು ಎದ್ದವರು ನಮ್ಮ ರಸ್ತೆಯ ನಿವೃತ್ತ ನೌಕರರೊಬ್ಬರು. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನೋ ಹಾಗಾಯ್ತು. ಇಷ್ಟು ವರ್ಷ ಕಟ್ಟಿದ್ದು ಎಲ್ಲಿ ಹೋಯ್ತು, ಅದನ್ನ ಮೊದಲು ಹೇಳಿ" ಎಂದರು. ಚಪ್ಪಾಳೆ ಬಿತ್ತು.

ಆಮೇಲೆ ಎದ್ದವರು ಮೂಲೆ ಮನೆಯ ಅಜ್ಜಿ. "ನಮ್ಮ ಯಜಮಾನರು ಹೋಗಿ ಹತ್ತು ವರ್ಷವಾಯ್ತಪ್ಪ. ನನಗೆ ಬರೋದು ಪಿಂಚಣಿ ಒಂದೇ. ಸೈಟಿಗೆ ಅಷ್ಟು ಬೆಲೆ, ಇಷ್ಟು ಬೆಲೆ ಅಂತ ನೀವು ಹೇಳ್ತೀರಿ. ಬೆಲೆ ಏರಿತು ಅಂತ ನಾನೇನು ಗೋಡೆ ಕೆರೆದು ತಿನ್ನಲಾ?" ಎಂದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಸುಮ್ಮನಾದರು.

ಅಧಿಕಾರಿ ನಿಧಾನವಾಗಿ ಎದ್ದು ನಿಂತರು. "ಸ್ವಾಮಿ, 2008ರಲ್ಲಿ ಮಾಡಿದ ದರ ಎಂಟು ವರ್ಷ ಹಾಗೇ ನಡೆದಿದೆ. ಬೀದಿ ದೀಪದ ಬಿಲ್ಲು, ಕಸದ ಗಾಡಿಯ ಡೀಸೆಲ್ಲು, ಪೌರಕಾರ್ಮಿಕರ ಸಂಬಳ ಎಂಟು ವರ್ಷದ ಹಿಂದೆ ಇದ್ದಷ್ಟೇ ಇದೆಯಾ, ನೀವೇ ಹೇಳಿ" ಎಂದರು. ಅವರ ಮಾತು ಯಾರಿಗೂ ಬೇಕಿರಲಿಲ್ಲ.

ಆಗ ನಾನು ಎದ್ದೆ. ಮೇಷ್ಟ್ರು ಎಂದ ಮೇಲೆ ಕೇಳಬೇಕೆ, ಮೈಕಿಲ್ಲದಿದ್ದರೂ ಕಡೆಯ ಸಾಲಿನವರೆಗೆ ದನಿ ಮುಟ್ಟುತ್ತದೆ. ರಸ್ತೆಯ ಗುಂಡಿ, ಅರ್ಧಕ್ಕೆ ನಿಂತ ಚರಂಡಿ, ಉರಿಯದ ದೀಪ ಎಲ್ಲವನ್ನೂ ಹೇಳಿ, "ಪ್ರಾಮಾಣಿಕವಾಗಿ ಕಂದಾಯ ಕಟ್ಟುವವರ ಮೇಲೆಯೇ ಮತ್ತೆ ಮತ್ತೆ ಹೊರೆ ಹಾಕುವುದು ಯಾವ ನ್ಯಾಯ?" ಎಂದು ಮುಗಿಸಿದೆ. ಎಲ್ಲರಿಗಿಂತ ಜೋರಾದ ಚಪ್ಪಾಳೆ ನನಗೇ ಬಿತ್ತು. ಮನೆಗೆ ಬರುವಾಗ ಎದೆ ಸ್ವಲ್ಪ ಉಬ್ಬಿತ್ತು ಎಂದರೆ ಸುಳ್ಳಲ್ಲ.

ವಿದ್ಯಾರ್ಥಿಗಳೇ, ಆ 'ಪ್ರಾಮಾಣಿಕ' ಎಂಬ ಪದವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದೇ ನನ್ನನ್ನು ಹಿಡಿದುಹಾಕಿತು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ನಮ್ಮ ಶಾಲೆಯಲ್ಲಿ ವಿಜ್ಞಾನದ ಜೊತೆಗೆ ಏಳನೆಯ ತರಗತಿಯ ಗಣಿತವೂ ನನ್ನ ಪಾಲಿಗೆ ಬಂದಿತ್ತು. ವಿಸ್ತೀರ್ಣ ಮತ್ತು ಶೇಕಡಾವಾರು ಪಾಠಗಳನ್ನು ಬರಿಯ ಪುಸ್ತಕದ ಲೆಕ್ಕದಿಂದ ಕಲಿಸಿದರೆ ಮಕ್ಕಳು ಆಕಳಿಸುತ್ತಾರೆ. ಸಭೆಯ ಬಿಸಿ ಇನ್ನೂ ನನ್ನ ತಲೆಯಲ್ಲಿತ್ತು. ಮನೆ ಕಂದಾಯವನ್ನೇ ಪಾಠ ಮಾಡಿದರೆ ಹೇಗೆ ಎನ್ನಿಸಿತು.

"ಮಕ್ಕಳೇ, ಮನೆಗೆ ತೆರಿಗೆ ಹಾಕಬೇಕಾದರೆ ಮೊದಲು ಮನೆಯನ್ನು ಅಳೆಯಬೇಕು. ಏನನ್ನು ಅಳೆಯುವುದು?" ಎಂದು ಕೇಳಿದೆ. ಒಬ್ಬ ಹುಡುಗ "ಎಷ್ಟು ದೊಡ್ಡದು ಅಂತ" ಎಂದ. ಇನ್ನೊಬ್ಬ "ಎಷ್ಟು ಬಾಡಿಗೆ ಬರುತ್ತೆ ಅಂತ" ಎಂದ. ಮತ್ತೊಬ್ಬಳು "ಮಾರಿದರೆ ಎಷ್ಟು ಸಿಗುತ್ತೆ ಅಂತ" ಎಂದಳು. ನೋಡಿ, ನಗರಾಡಳಿತದ ತಜ್ಞರು ವರ್ಷಗಟ್ಟಲೆ ಚರ್ಚಿಸಿದ ಮೂರು ಪದ್ಧತಿಗಳನ್ನೂ ಏಳನೆಯ ತರಗತಿಯ ಮಕ್ಕಳು ಒಂದು ನಿಮಿಷದಲ್ಲಿ ಹೇಳಿಬಿಟ್ಟರು!

ಬೆಂಗಳೂರಿನಲ್ಲಿ 2000ನೆಯ ಇಸವಿಯವರೆಗೂ ಇದ್ದದ್ದು ಬಾಡಿಗೆಯ ಅಂದಾಜಿನ ಪದ್ಧತಿ. ಈ ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಎಂದು ಪಾಲಿಕೆಯವರು ಅಂದಾಜು ಮಾಡಿ ಅದರ ಮೇಲೆ ತೆರಿಗೆ ಹಾಕುತ್ತಿದ್ದರು. ಅಂದಾಜು ಎಂದ ಮೇಲೆ ಅಳೆಯುವವನ ಕಣ್ಣಿಗೆ ತಕ್ಕಂತೆ ಬದಲಾಗುತ್ತದೆ. ಅಕ್ಕಪಕ್ಕದ ಒಂದೇ ಬಗೆಯ ಎರಡು ಮನೆಗಳಿಗೆ ಬೇರೆ ಬೇರೆ ತೆರಿಗೆ ಬೀಳಬಹುದು. ಪ್ರಯೋಗಶಾಲೆಯಲ್ಲಿ ಇಬ್ಬರು ಒಂದೇ ವಸ್ತುವನ್ನು ತೂಗಿದಾಗ ಎರಡು ಉತ್ತರ ಬಂದರೆ ನಾವು ತಕ್ಕಡಿಯನ್ನು ಅನುಮಾನಿಸುತ್ತೇವೆ ಅಲ್ಲವೇ? ಹಾಗೆಯೇ ಇದು.

ಈ ತಕ್ಕಡಿಯನ್ನು ಮೊದಲು ಬದಲಿಸಿದ ನಗರಗಳಲ್ಲಿ ಬಿಹಾರದ ಪಟ್ನಾ ಒಂದು. 1993ರಲ್ಲಿ ಅಲ್ಲಿ ರಸ್ತೆ ಯಾವ ದರ್ಜೆಯದು, ಕಟ್ಟಡ ಯಾವ ಬಗೆಯದು, ಬಳಕೆ ಯಾವುದಕ್ಕೆ ಎಂಬ ಮೂರು ಅಂಶಗಳ ಮೇಲೆ ಚದರ ಅಡಿಗೆ ಇಷ್ಟೆಂದು ಲೆಕ್ಕ ಹಿಡಿದರು. ತೆರಿಗೆಯ ದರವನ್ನು ಶೇಕಡಾ 43.75ರಿಂದ ಶೇಕಡಾ 9ಕ್ಕೆ ಇಳಿಸಿದರು. ಅಳತೆ ಸರಿಯಾಗಿ, ಎಲ್ಲರೂ ಲೆಕ್ಕಕ್ಕೆ ಸಿಕ್ಕರೆ ದರವನ್ನು ಇಳಿಸಲು ಸಾಧ್ಯ ಎಂಬುದು ಇದರ ಹಿಂದಿನ ವಿಚಾರ.

ಬೆಂಗಳೂರು ಮಹಾನಗರ ಪಾಲಿಕೆ 2000ದಲ್ಲಿ ಸ್ವಯಂ ಘೋಷಣೆಯ ಪದ್ಧತಿ ತಂದಿತು. ಮನೆಯ ಯಜಮಾನನೇ ಅಳೆದು, ಲೆಕ್ಕ ಹಾಕಿ, ಸಹಿ ಮಾಡಿ ಕಟ್ಟುವುದು. 2008ರಲ್ಲಿ ಸೂತ್ರ ಮತ್ತೆ ಬದಲಾಯಿತು. ಸರ್ಕಾರದ ಮಾರ್ಗಸೂಚಿ ಬೆಲೆಯನ್ನು ನೋಡಿ ಊರನ್ನು 'ಎ'ಯಿಂದ 'ಎಫ್'ವರೆಗೆ ಆರು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೂ ಚದರ ಅಡಿಗೆ ತಿಂಗಳಿಗೆ ಇಷ್ಟೆಂದು ಗೊತ್ತು ಮಾಡಿದರು. 'ಡಿ' ವಲಯದ ಆರ್‌ಸಿಸಿ ಮನೆಯಲ್ಲಿ ಯಜಮಾನರೇ ವಾಸವಿದ್ದರೆ 1 ರೂಪಾಯಿ 60 ಪೈಸೆ. ಬಾಡಿಗೆಗೆ ಕೊಟ್ಟಿದ್ದರೆ ಅದರ ಎರಡರಷ್ಟು, 3 ರೂಪಾಯಿ 20 ಪೈಸೆ.

ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದೆ. ವಿಸ್ತೀರ್ಣವನ್ನು ದರದಿಂದ ಗುಣಿಸಿ. ಬಂದದ್ದನ್ನು 10ರಿಂದ ಗುಣಿಸಿ, ಏಕೆಂದರೆ ವರ್ಷಕ್ಕೆ ಹತ್ತು ತಿಂಗಳ ಲೆಕ್ಕ. ಅದರಲ್ಲಿ ಶೇಕಡಾ 20 ತೆರಿಗೆ. ಆ ತೆರಿಗೆಯ ಮೇಲೆ ಮತ್ತೆ ಶೇಕಡಾ 24 ಉಪಕರ. ಈ 24ರಲ್ಲಿ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಹಳೆಯ ಮನೆಗೆ ಸವಕಳಿಯ ರಿಯಾಯಿತಿ ಉಂಟು. ಲೆಕ್ಕ ಸುಲಭವಾಗಲೆಂದು ಅದನ್ನು ಬಿಟ್ಟೆ. "2008ರ ದರದಲ್ಲಿ ಮೊದಲು ಲೆಕ್ಕ ಹಾಕಿ. ಆಮೇಲೆ ಶೇಕಡಾ 20 ಏರಿಸಿ. ನಾಳೆ ಎಲ್ಲರೂ ಟೇಪು ಹಿಡಿದು ನಿಮ್ಮ ನಿಮ್ಮ ಮನೆ ಅಳೆದು ಬರಬೇಕು" ಎಂದು ಹೇಳಿ ಕಳಿಸಿದೆ.

ಮಾರನೆಯ ದಿನ ಎಲ್ಲರಿಗಿಂತ ಮೊದಲು ನೋಟ್‌ಬುಕ್ ತಂದವಳು ನಮ್ಮ ಮಹಡಿ ಮನೆಯ ಹುಡುಗಿ. ಹೌದು, ನಮ್ಮ ಮನೆಯ ಮೇಲೆ ಒಂದು ಸಣ್ಣ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೆವು. ಬಾಡಿಗೆಯವರ ಮಗಳು ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ಮನೆಯಲ್ಲಿ ನನ್ನನ್ನು 'ಅಂಕಲ್' ಎಂದರೂ ಶಾಲೆಯ ಗೇಟು ದಾಟಿದ ಕೂಡಲೇ 'ಸರ್' ಎನ್ನುವಷ್ಟು ಜಾಣೆ.

ಅವಳ ಬರಹ ಮುತ್ತಿನಂತಿತ್ತು. ಹಾಲು, ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಅಳೆದು, ಗೋಡೆಯ ದಪ್ಪವನ್ನೂ ಸೇರಿಸಿದ್ದಳು. ಒಟ್ಟು 480 ಚದರ ಅಡಿ. ಬಾಡಿಗೆ ಮನೆ, ಆದ್ದರಿಂದ 3.20. ಹತ್ತು ತಿಂಗಳಿಗೆ 15,360. ಶೇಕಡಾ 20 ಎಂದರೆ 3,072. ಉಪಕರ 737 ರೂಪಾಯಿ 28 ಪೈಸೆ. ಒಟ್ಟು 3,809 ರೂಪಾಯಿ 28 ಪೈಸೆ.

"ಸರ್, ನಮ್ಮ ಮನೆ ಕಂದಾಯ ನೀವೇ ಕಟ್ಟೋದಲ್ವಾ? ನಿಮ್ಮ ರಸೀತಿ ಜೊತೆ ತಾಳೆ ನೋಡಿ ಸರ್, ಸರಿ ಇದೆಯಾ ಅಂತ."

ನಾನು "ನೋಡೋಣ" ಎಂದು ಹೇಳಿ ಸರಿ ಗುರುತು ಹಾಕಿ ಕೊಟ್ಟೆ. ಕೈ ಮಾತ್ರ ಸ್ವಲ್ಪ ನಡುಗಿತು.

ಏಕೆಂದರೆ ರಸೀತಿಯಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಮಹಡಿ ಕಟ್ಟಿಸಿದ್ದು 2011ರಲ್ಲಿ. ಪಾಲಿಕೆಯ ಕಂದಾಯದ ಅರ್ಜಿಯಲ್ಲಿ ಬೇರೆ ಬೇರೆ ನಮೂನೆಗಳಿದ್ದವು. ಮನೆಯಲ್ಲಿ ಬದಲಾವಣೆ ಇಲ್ಲದಿದ್ದರೆ ನಮೂನೆ 4, ವಿಸ್ತೀರ್ಣವೋ ಬಳಕೆಯೋ ಬದಲಾಗಿದ್ದರೆ ನಮೂನೆ 5. 2011ರಿಂದ ಐದು ವರ್ಷ ನಾನು ತುಂಬಿದ್ದು ನಮೂನೆ 4. 'ಮುಂದಿನ ವರ್ಷ ತೋರಿಸಿದರಾಯಿತು, ಎಲ್ಲರೂ ಹೀಗೇ ಮಾಡುತ್ತಾರೆ' ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಅಂದು ರಾತ್ರಿ ಊಟವಾದ ಮೇಲೆ ಕೆಳಗಿನ ಮನೆಯ ಲೆಕ್ಕವನ್ನೂ ಮಾಡಿದೆ. ನಾವಿರುವುದು ಎಂಟೂವರೆ ಚದರದ ಮನೆ, ಅಂದರೆ 850 ಚದರ ಅಡಿ. ಅದೇ ಸೂತ್ರದಲ್ಲಿ 2008ರ ದರಕ್ಕೆ 3,372 ರೂಪಾಯಿ 80 ಪೈಸೆ. ಶೇಕಡಾ 20 ಏರಿದರೆ ಹೆಚ್ಚಾಗುವುದು 674 ರೂಪಾಯಿ 56 ಪೈಸೆ. ದಿನಕ್ಕೆ 2 ರೂಪಾಯಿಯೂ ಆಗುವುದಿಲ್ಲ. ವರ್ಷಕ್ಕೆ 675 ರೂಪಾಯಿಗೆ ಭವನ ಹಾರಿಹೋಗುವಂತೆ ಕೂಗಿದವನು ವರ್ಷಕ್ಕೆ 3,809 ರೂಪಾಯಿ ಮುಚ್ಚಿಟ್ಟಿದ್ದ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ತಟ್ಟೆಯ ನೊಣ ತೋರಿಸಿದ ಗಾದೆ ನನಗಾಗಿಯೇ ಮಾಡಿದ್ದಿರಬೇಕು.

ಇನ್ನೂ ಒಂದು ಲೆಕ್ಕ ಕಣ್ಣಿಗೆ ಬಿತ್ತು. ಆ 3,072ರಲ್ಲಿ ಶೇಕಡಾ 6 ಗ್ರಂಥಾಲಯದ ಪಾಲು. ವರ್ಷಕ್ಕೆ 184 ರೂಪಾಯಿ. ಐದು ವರ್ಷಕ್ಕೆ 920 ರೂಪಾಯಿ ದಾಟುತ್ತದೆ. ಮಹಡಿ ಮನೆಯ ಹುಡುಗಿ ಶನಿವಾರ ಮಧ್ಯಾಹ್ನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗುತ್ತಿದ್ದಳು. ಅವಳು ಓದಬಹುದಾಗಿದ್ದ ಎಷ್ಟೋ ಪುಸ್ತಕಗಳ ಹಣ ನನ್ನ ಜೇಬಿನಲ್ಲಿ ಕುಳಿತಿತ್ತು.

ಹೆಂಡತಿಗೆ ಹೇಳಿದೆ. ಅವಳು ಬಯ್ಯಲಿಲ್ಲ. "ಮಕ್ಕಳಿಗೆ ಅಳೆಯೋಕೆ ಹೇಳಿಕೊಟ್ಟು ನೀವು ಅಳೆಯದೇ ಇದ್ದರೆ ಹೇಗೆ?" ಎಂದಳು, ಅಷ್ಟೆ. ವಾರದೊಳಗೆ ನಮೂನೆ 5 ತುಂಬಿ ಕೊಟ್ಟೆ. ಹಿಂದಿನ ಬಾಕಿ, ಬಡ್ಡಿ, ದಂಡ ಎಲ್ಲ ಸೇರಿ ಆದ ಮೊತ್ತವನ್ನು ಬರೆಯಲು ಇಂದಿಗೂ ಮುಜುಗರ. ಮಗಳ ಕಾಲೇಜು ಶುಲ್ಕಕ್ಕೆಂದು ಇಟ್ಟಿದ್ದ ಹಣಕ್ಕೆ ಕೈ ಹಾಕಬೇಕಾಯಿತು. ಮತ್ತೆ ಕೂಡಿಡಲು ಒಂದು ವರ್ಷ ಹಿಡಿಯಿತು. ಮುಂದಿನ ಗಣಿತದ ಪಿರಿಯಡ್ಡಿನಲ್ಲಿ ಹುಡುಗಿಯನ್ನು ಎದ್ದು ನಿಲ್ಲಿಸಿ, "ಇವಳ ಲೆಕ್ಕ ಸರಿ, ನನ್ನ ರಸೀತಿ ತಪ್ಪಿತ್ತು. ಈಗ ತಿದ್ದಿಸಿದ್ದೇನೆ" ಎಂದೆ. ಮಕ್ಕಳು ನಗುತ್ತಾರೆಂದುಕೊಂಡಿದ್ದೆ. ಒಬ್ಬರೂ ನಗಲಿಲ್ಲ. ಮೂರು ಹುಡುಗರು ಮಾತ್ರ ಸುಮ್ಮನೆ ತಮ್ಮ ನೋಟ್‌ಬುಕ್ ತೆರೆದು ಮತ್ತೆ ನೋಡಿಕೊಂಡರು.

ಕಂದಾಯ ಕಟ್ಟಿದ ಮೇಲೆ ಸಭೆಯಲ್ಲಿ ಕೇಳಿದ ಮಾತುಗಳು ಬೇರೆಯಾಗಿ ಕೇಳಿಸತೊಡಗಿದವು. ಒಂದೊಂದಾಗಿ ನೋಡೋಣ.

ಮೊದಲು ಅಧಿಕಾರಿಯ ಮಾತು. ಎಂಟು ವರ್ಷಕ್ಕೆ ಶೇಕಡಾ 20 ಎಂದರೆ, ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಶೇಕಡಾ 2.3. ಅಷ್ಟರಲ್ಲಿ ಅಕ್ಕಿ, ಬೇಳೆ, ಬಸ್ ಟಿಕೆಟ್ಟು ಎಲ್ಲವೂ ಇದಕ್ಕಿಂತ ಬಹಳ ವೇಗವಾಗಿ ಏರಿದ್ದವು. ಆದರೆ ವರ್ಷ ವರ್ಷ ಚೂರು ಚೂರೇ ಏರಿದ್ದರೆ ಯಾರಿಗೂ ಗೊತ್ತಾಗದ ಏರಿಕೆ, ಎಂಟು ವರ್ಷ ತಡೆದು ಒಮ್ಮೆಲೇ ಬಂದಾಗ ಪೆಟ್ಟಾಗುತ್ತದೆ. ಚುನಾವಣೆಗೆ ಹೆದರಿ ದರ ಮುಟ್ಟದೆ ಬಿಟ್ಟರೆ ಅದರ ಭಾರ ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ, ಅಷ್ಟೆ. ಅವರ ಮಾತಿನಲ್ಲಿ ಸತ್ಯವಿತ್ತು. ನಾವು ಕೇಳಿಸಿಕೊಳ್ಳಲಿಲ್ಲ.

ಇನ್ನು ಅಜ್ಜಿಯ ಮಾತು. ಆದಾಯ ತೆರಿಗೆ ಕೈಗೆ ಬಂದ ಹಣದ ಮೇಲೆ ಬೀಳುತ್ತದೆ. ಮನೆ ಕಂದಾಯ ಹಾಗಲ್ಲ. ಮನೆ ಇದ್ದರೆ ಸಾಕು. ಆಸ್ತಿಯ ಬೆಲೆ ಏರಿದರೂ ಕೈಯಲ್ಲಿ ಕಾಸು ಹೆಚ್ಚಾಗದ ವೃದ್ಧರಿಗೆ ಇದು ನಿಜವಾದ ಕಷ್ಟ. ಇದು ನಮ್ಮ ಊರಿನದಷ್ಟೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಮನೆಗಳ ಬೆಲೆ ಏರಿ, ಅದರ ಹಿಂದೆಯೇ ತೆರಿಗೆಯೂ ಏರಿದಾಗ ಅಲ್ಲಿನ ಜನ ಇದೇ ಮಾತನ್ನು ಹೇಳಿ ಸಿಡಿದೆದ್ದರು. 1978ರ ಜೂನ್ 6ರಂದು ನಡೆದ ಜನಮತದಲ್ಲಿ 'ಪ್ರೊಪೊಸಿಷನ್ 13' ಎಂಬ ತಿದ್ದುಪಡಿ ಗೆದ್ದಿತು. ತೆರಿಗೆ ಮನೆಯ ಬೆಲೆಯ ಶೇಕಡಾ 1ನ್ನು ಮೀರಬಾರದು. ಮನೆ ಮಾರಾಟವಾಗುವವರೆಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರಬಾರದು ಎಂಬುದು ಅದರ ಸಾರ.

ಅಲ್ಲಿನ ಅಜ್ಜಂದಿರು, ಅಜ್ಜಿಯರು ಉಸಿರಾಡಿದರು. ಆದರೆ ಮುಂದೇನಾಯಿತು? ಉದಾಹರಣೆಗೆ ಒಬ್ಬರು 1 ಲಕ್ಷ ಡಾಲರಿಗೆ ಕೊಂಡ ಮನೆಯ ಲೆಕ್ಕದ ಬೆಲೆ ಮೂವತ್ತು ವರ್ಷವಾದರೂ 1.82 ಲಕ್ಷವನ್ನು ದಾಟುವುದಿಲ್ಲ. ಪಕ್ಕದ ಅಂಥದೇ ಮನೆಯನ್ನು ಈಗ 10 ಲಕ್ಷಕ್ಕೆ ಕೊಂಡವರು ಐದು ಪಟ್ಟಿಗಿಂತ ಹೆಚ್ಚು ತೆರಿಗೆ ಕಟ್ಟಬೇಕು. ಇಬ್ಬರಿಗೂ ಅದೇ ರಸ್ತೆ, ಅದೇ ದೀಪ. ನಗರಗಳ, ಶಾಲೆಗಳ ಆದಾಯ ತಟ್ಟನೆ ಕುಸಿದು, ಅವು ರಾಜ್ಯ ಸರ್ಕಾರದ ಕಡೆ ಕೈ ಚಾಚುವಂತಾಯಿತು. ಕಷ್ಟದಲ್ಲಿರುವವರಿಗೆ ರಿಯಾಯಿತಿಯೋ, ಕಂತೋ ಕೊಡುವುದು ಒಂದು ದಾರಿ. ಅವರ ಹೆಸರಿನಲ್ಲಿ ಎಲ್ಲರ ಅಳತೆಯನ್ನೂ ನಿಲ್ಲಿಸಿಬಿಡುವುದು ಬೇರೆ ದಾರಿ. ಅಜ್ಜಿ ಕೇಳಿದ್ದು ಮೊದಲನೆಯದನ್ನು. ಅವರ ಬೆನ್ನ ಹಿಂದೆ ನಿಂತು ನಾನು ಕೂಗಿದ್ದು ಎರಡನೆಯದಕ್ಕಾಗಿ.

ಕೊನೆಯದು ಈರಭದ್ರನ ಪ್ರಶ್ನೆ: ಕೊಟ್ಟ ಹಣ ಎಲ್ಲಿ ಹೋಯಿತು? ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಮತ್ತು ನಾವು ಕೇಳಲೇಬೇಕಾದ ಪ್ರಶ್ನೆ. ಬೆಂಗಳೂರಿನಲ್ಲಿ ಇದನ್ನು ಕ್ರಮವಾಗಿ ಕೇಳಿದವರೂ ಇದ್ದಾರೆ. 2002ರಲ್ಲಿ ಜನಾಗ್ರಹ, ಅಕ್ಷರ, ವಾಯ್ಸಸ್, ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ನಾಲ್ಕು ಸಂಸ್ಥೆಗಳು ಸೇರಿ 'ಪ್ರೂಫ್' ಎಂಬ ಅಭಿಯಾನ ನಡೆಸಿದವು. ಪಾಲಿಕೆ ಮೂರು ತಿಂಗಳಿಗೊಮ್ಮೆ ತನ್ನ ಜಮಾ ಖರ್ಚನ್ನು ಜನರ ಮುಂದಿಡಬೇಕು, ಅದರ ಮೇಲೆ ಬಹಿರಂಗ ಚರ್ಚೆ ಆಗಬೇಕು ಎಂಬುದು ಅವರ ಒತ್ತಾಯ. ಬರಿಯ ಆಕ್ರೋಶವಲ್ಲ, ಅಂಕಿ ಎದುರಿಗಿಟ್ಟುಕೊಂಡು ಮಾತನಾಡುವ ಅಭ್ಯಾಸ.

ಅದಕ್ಕೆ ಸಂವಿಧಾನದ ಬಲವೂ ಇದೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೆಯ ತಿದ್ದುಪಡಿ, 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಹೇಳುತ್ತದೆ. ಆದರೆ ಪ್ರಶ್ನೆ ಕೇಳಲು ಎದುರಿಗೆ ಒಬ್ಬರು ಇರಬೇಕಲ್ಲ! 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಚುನಾಯಿತ ಪರಿಷತ್ತಿನ ಅವಧಿ ಮುಗಿಯಿತು. 2025ರಲ್ಲಿ ಆ ಪಾಲಿಕೆಯ ಜಾಗಕ್ಕೆ ಐದು ನಗರಪಾಲಿಕೆಗಳು ಬರುವವರೆಗೂ ಚುನಾವಣೆ ನಡೆಯಲಿಲ್ಲ. ಆ ಐದು ವರ್ಷ ಬಜೆಟ್ ಮಾಡಿದವರು ಅಧಿಕಾರಿಗಳೇ. 2016ರ ನಮ್ಮ ಸಭೆಯಲ್ಲಿ ಬಯ್ಯುವುದಕ್ಕಾದರೂ ಒಬ್ಬ ಕಾರ್ಪೊರೇಟರ್ ಇದ್ದರು ಎಂದು ಆ ವರ್ಷಗಳಲ್ಲಿ ಎಷ್ಟೋ ಸಲ ನೆನೆಸಿಕೊಂಡಿದ್ದೇನೆ.

ಈಚಿನ ಒಂದು ಉದಾಹರಣೆ ಕೊಡುತ್ತೇನೆ. 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಕಸ ವಿಲೇವಾರಿಗೆ ಶುಲ್ಕವನ್ನು ಕಂದಾಯದ ಜೊತೆಗೇ ಸೇರಿಸಿದರು. 600 ಚದರ ಅಡಿಯವರೆಗೆ ತಿಂಗಳಿಗೆ 10 ರೂಪಾಯಿ. ಅಲ್ಲಿಂದ 1,000 ಚದರ ಅಡಿಯವರೆಗೆ 50. ಅದನ್ನು ದಾಟಿದರೆ 2,000ದವರೆಗೆ 100. ಇದನ್ನು ಗ್ರಾಫ್ ಹಾಳೆಯ ಮೇಲೆ ಬರೆದು ನೋಡಿ. ಇಳಿಜಾರಿನಂತೆ ಏರುವ ಗೆರೆ ಬರುವುದಿಲ್ಲ, ಮೆಟ್ಟಿಲು ಬರುತ್ತದೆ. 1,000 ಅಡಿಯ ಮನೆಗೆ 50, 1,001 ಅಡಿಯ ಮನೆಗೆ 100! ಒಂದು ಚದರ ಅಡಿಗೆ ಶುಲ್ಕ ಇಮ್ಮಡಿ. ಇದು ಸರಿಯೇ, ಒಂದು ಸಾವಿರ ಅಡಿಯ ಮನೆಯಿಂದ ಬರುವ ಕಸ ಎಷ್ಟು ಎಂದು ಕೇಳುವ ಹಕ್ಕು ನಿಮಗಿದೆ. ಕೇಳಲು ಕೂಗಬೇಕಾಗಿಲ್ಲ, ಗ್ರಾಫ್ ಹಾಳೆಯನ್ನು ತೋರಿಸಿದರೆ ಸಾಕು.

ವಿದ್ಯಾರ್ಥಿಗಳೇ, ಈ ವಾರದ ಅಭ್ಯಾಸ ಇಷ್ಟೇ. ಅಪ್ಪನನ್ನೋ ಅಮ್ಮನನ್ನೋ ಕೇಳಿ ಮನೆ ಕಂದಾಯದ ರಸೀತಿ ತೆಗೆಸಿ. ಟೇಪು ಹಿಡಿದು ಮನೆ ಅಳೆಯಿರಿ. ಬಾಡಿಗೆ ಮನೆಯಾದರೆ ಅಳತೆಯಷ್ಟೇ ಸಾಕು, ಯಜಮಾನರ ಜೊತೆ ಜಗಳ ಬೇಡ! ನಿಮ್ಮೂರಿನ ಪುರಸಭೆಯಲ್ಲೋ ನಗರಸಭೆಯಲ್ಲೋ ಸೂತ್ರ ಬೇರೆ ಇರಬಹುದು, ಕೇಳಿ ತಿಳಿದುಕೊಳ್ಳಿ. ಆಮೇಲೆ ನಿಮ್ಮೂರಿನ ಬಜೆಟ್ಟಿನಲ್ಲಿ ಗ್ರಂಥಾಲಯಕ್ಕೆ, ಚರಂಡಿಗೆ, ದೀಪಕ್ಕೆ ಎಷ್ಟೆಷ್ಟು ಎಂದು ಹುಡುಕಿ.

ಪೋಷಕರೇ, ಮಕ್ಕಳು ತಂದ ಅಳತೆಗೂ ರಸೀತಿಗೂ ತಾಳೆಯಾಗದಿದ್ದರೆ ಅವರನ್ನು ಗದರಿಸಬೇಡಿ. ತಿದ್ದಿಸಿ ಬನ್ನಿ. ಸ್ವಲ್ಪ ದುಬಾರಿ ಬೀಳುತ್ತದೆ, ಅನುಭವದ ಮಾತು.

2017ರ ಏಪ್ರಿಲ್‌ನಲ್ಲಿ ನಮ್ಮ ಬಡಾವಣೆಯ ಸಭೆ ಮತ್ತೆ ಸೇರಿತು. ನಾನು ಎದ್ದು, ನಮ್ಮ ರಸ್ತೆಯ ಚರಂಡಿಗೆ ಆ ವರ್ಷ ಎಷ್ಟು ಹಣ ಇಟ್ಟಿದ್ದಾರೆ, ಅದರಲ್ಲಿ ಎಷ್ಟು ಖರ್ಚಾಗಿದೆ ಎಂದು ಎರಡೇ ಪ್ರಶ್ನೆ ಕೇಳಿ ಕುಳಿತೆ. ಚಪ್ಪಾಳೆ ಬೀಳಲಿಲ್ಲ. ಆದರೆ ಅಧಿಕಾರಿ ಜೇಬಿನಿಂದ ಪೆನ್ನು ತೆಗೆದು ಪ್ರಶ್ನೆಗಳನ್ನು ಬರೆದುಕೊಂಡರು. ಹಿಂದಿನ ವರ್ಷ ಅಷ್ಟು ಕೂಗಿದರೂ ಅವರು ಏನನ್ನೂ ಬರೆದುಕೊಂಡಿರಲಿಲ್ಲ.